ಬಸ್ಸಿನ ಮೆಟ್ಟಿಲೂ ಚಿಕಿತ್ಸೆಯ ಭಾಗ

ಮೊನ್ನೆ ಹಾನಗಲ್ಲಿನ ನನ್ನ ದವಾಖಾನೆಗೆ ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ಮೊಣಕಾಲು ನೋವೆಂದು ಬಂದಿದ್ದರು. ಹುಡುಗರಾಗಿದ್ದಾಗ ಮುಂಬೈಯಲ್ಲಿ ಇದ್ದವರು. ಹುಬ್ಬಳ್ಳಿ-ಧಾರವಾಡದ ನಡುವೆ ಟ್ರಾಮ್ ಮಾದರಿಯ ವಾಹನ ಬರಬಹುದೆಂಬ ಸುದ್ದಿಯನ್ನು ಎಲ್ಲೋ ಓದಿದ್ದರಂತೆ. “ಡಾಕ್ಟರೇ, ಮುಂಬೈದಾಗ ಓಡೋ ಟ್ರಾಮ್ ಹತ್ತಿ ಇಳೀತಿದ್ದೆ. ಈಗ ನಿಂತ ಬಸ್ ಹತ್ತಾಕೂ ಆಗವಲ್ದು” ಎಂದು ನಕ್ಕರು.

ಆರೋಗ್ಯದ ಅಂಕಣದಲ್ಲಿ ಟ್ರಾಮಿನ ಮಾತೇಕೆ ಎನ್ನುತ್ತೀರಾ? ಕಾರಣವಿದೆ. ವೈದ್ಯರು ಬರೆದುಕೊಡುವ ಔಷಧದ ಚೀಟಿಯಲ್ಲಿ ಬಸ್ಸಿನ ಹೆಸರು ಇರುವುದಿಲ್ಲ. ಆದರೆ ಎಷ್ಟೋ ರೋಗಿಗಳ ಚಿಕಿತ್ಸೆ ಪೂರ್ತಿಯಾಗುವುದೋ ಅರ್ಧಕ್ಕೇ ನಿಲ್ಲುವುದೋ ಎಂಬುದು ಬಸ್ಸಿನ ಮೇಲೆಯೇ ನಿಂತಿದೆ.

ಮುಂಬೈಯ ಟ್ರಾಮ್ 1964ರಲ್ಲಿ ನಿಂತಿತು, ಮದ್ರಾಸಿನದು 1953ರಲ್ಲಿಯೇ. ನಮ್ಮ ಭಾಗದಲ್ಲಿ ಟ್ರಾಮಿಗೆ ಹತ್ತಿರವಾದದ್ದು ಎಂದರೆ ಹುಬ್ಬಳ್ಳಿ-ಧಾರವಾಡದ ‘ಚಿಗರಿ’ ಬಸ್ಸು. 2018ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದನ್ನು 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ಸುಮಾರು 22 ಕಿಲೋಮೀಟರ್ ಮಾರ್ಗ. ಹೆಚ್ಚಿನ ಕಡೆ ರಸ್ತೆಯ ನಡುವೆ ಅದಕ್ಕೇ ಮೀಸಲಾದ ಪಥ. ಟ್ರಾಮಿನಂತೆ ಹಳಿ ಇಲ್ಲ, ಅಷ್ಟೇ ವ್ಯತ್ಯಾಸ.

ವೈದ್ಯನಾಗಿ ನನ್ನ ಕಣ್ಣಿಗೆ ಬಿದ್ದದ್ದು ಅದರ ವೇಗವಲ್ಲ, ತಂಪು ಗಾಳಿಯೂ ಅಲ್ಲ. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಸಮದಲ್ಲಿವೆ. ಮೆಟ್ಟಿಲು ಹತ್ತುವ ಕೆಲಸವಿಲ್ಲ. ಮೊಣಕಾಲು ಸವೆದವರಿಗೆ, ಲಕ್ವ ಹೊಡೆದು ಒಂದು ಕಾಲು ಎಳೆಯುವವರಿಗೆ, ದಿನ ತುಂಬಿದ ಬಸುರಿಗೆ ಆ ಒಂದು ಸಮತಟ್ಟಾದ ಹೆಜ್ಜೆಯ ಬೆಲೆ ಎಷ್ಟೆಂದು ಅವರನ್ನೇ ಕೇಳಿ.

ಹಾನಗಲ್ಲಿನಿಂದ ಹುಬ್ಬಳ್ಳಿಗೆ ಸುಮಾರು 80 ಕಿಲೋಮೀಟರ್. ದೊಡ್ಡ ಕಾಯಿಲೆಯಾದರೆ ನಾವು ಕಳುಹಿಸುವುದು ಅಲ್ಲಿಗೇ. ವಿದ್ಯಾನಗರದ ಕಿಮ್ಸ್, ನವನಗರದ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಮೂರೂ ಈ ಮಾರ್ಗಕ್ಕೆ ಹೊಂದಿಕೊಂಡಿವೆ.

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೆಂದರೆ ಒಂದು ದಿನದ ಕೆಲಸವಲ್ಲ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ನಡೆಯುತ್ತದೆ. ನಡುವೆ ದಿನಗಳು ತಪ್ಪಿದರೆ ಗುಣ ಕಡಿಮೆಯಾಗುತ್ತದೆ. ನಮ್ಮ ತಾಲ್ಲೂಕಿನ ಒಬ್ಬ ತಾಯಿ ಬಹಳ ವರ್ಷಗಳ ಹಿಂದೆ ಅರ್ಧಕ್ಕೇ ಬಿಟ್ಟು ಬಂದರು. “ಗದ್ದಲದ ಬಸ್ಸಿನಾಗ ದಿನಾ ನಿಂತು ಹೋಗೂದು ನನ್ನಿಂದ ಆಗಲಿಲ್ರಿ” ಎಂದರು. ಅವರು ಉಳಿಯಲಿಲ್ಲ. ಬಸ್ಸೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಆ ಮಾತನ್ನು ಮರೆಯಲೂ ಆರೆ. ಈಚೆಗೆ ಇನ್ನೊಬ್ಬರು ಧಾರವಾಡದ ಮಗಳ ಮನೆಯಲ್ಲಿದ್ದು ದಿನಾ ಚಿಗರಿಯಲ್ಲಿ ಓಡಾಡಿ, ಒಂದು ದಿನವೂ ತಪ್ಪಿಸದೆ ಚಿಕಿತ್ಸೆ ಮುಗಿಸಿಕೊಂಡು ಬಂದರು.

ಆರೋಗ್ಯವಂತರಿಗೂ ಇದರಲ್ಲಿ ಲಾಭವಿದೆ. ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಬಸ್ಸು, ಟ್ರಾಮುಗಳ ನೌಕರರನ್ನು ಅಧ್ಯಯನ ಮಾಡಿ 1953ರಲ್ಲಿ ಒಂದು ವರದಿ ಪ್ರಕಟಿಸಿದರು. ಕುಳಿತೇ ಇರುವ ಚಾಲಕರಿಗಿಂತ, ಮಹಡಿ ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂಬುದು ಅದರ ಸಾರ. ಅಮೆರಿಕದ ಷಾರ್ಲಟ್ ನಗರದಲ್ಲಿ ಊರಿನ ನಡುಭಾಗದಿಂದ ಬಡಾವಣೆಗಳಿಗೆ ಟ್ರಾಮಿನಂಥ ಹಗುರ ರೈಲು 2007ರಲ್ಲಿ ಆರಂಭವಾಯಿತು. ಅದರಲ್ಲಿ ಓಡಾಡಿದವರ ತೂಕ, ಓಡಾಡದವರಿಗೆ ಹೋಲಿಸಿದರೆ ಇಳಿದಿತ್ತೆಂದು 2010ರ ಅಧ್ಯಯನ ಹೇಳಿತು. ರೈಲಿನಲ್ಲಿ ಮಂತ್ರವೇನೂ ಇರಲಿಲ್ಲ. ನಿಲ್ದಾಣದವರೆಗೆ ನಡೆದರು, ಅಷ್ಟೇ. ನೀವು ಹೋಗುವಾಗ 10 ನಿಮಿಷ, ಬರುವಾಗ 10 ನಿಮಿಷ ಚುರುಕಾಗಿ ನಡೆದರೆ ವಾರಕ್ಕೆ 6 ದಿನದಲ್ಲಿ 120 ನಿಮಿಷವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 150 ನಿಮಿಷ. ಮೋಟಾರು ಬೈಕು ಬಾಗಿಲಿಗೇ ಬಂದರೆ ಈ ನಡಿಗೆ ಎಲ್ಲಿ?

ದೋಷವಿಲ್ಲವೇ? ಇದೆ. ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ದಾಟುವುದೇ ಕಷ್ಟ. ಖಾಲಿ ಕಾಣುವ ಪಥದಲ್ಲಿ ಬಸ್ಸು ವೇಗವಾಗಿ ಬರುತ್ತದೆ. ಬೇಲಿ ಹಾರಿ ಓಡುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಮೀಸಲು ಪಥವನ್ನು ತೆಗೆದು ಎಲ್ಲ ವಾಹನಗಳಿಗೆ ಬಿಡಿ ಎಂಬ ಕೂಗೂ ಇದೆ. ಕಾರಿನಲ್ಲಿ ಕುಳಿತು ನೋಡಿದರೆ ಅದು ಸರಿಯೆನಿಸೀತು. ಆದರೆ ಆಸ್ಪತ್ರೆಯ ಕಡತ ಹಿಡಿದು ಕಟ್ಟೆಯ ಮೇಲೆ ನಿಂತವರ ಕಡೆಯಿಂದಲೂ ಒಮ್ಮೆ ನೋಡಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಾಳೆ ಟ್ರಾಮೇ ಬರಲಿ, ಹೊಸ ಬಸ್ಸೇ ಬರಲಿ, ಮೂರನ್ನು ಕೈಬಿಡಬಾರದು: ಸಮತಟ್ಟಾದ ನೆಲ, ತಡೆಯಿಲ್ಲದ ಪಥ, ಮುದುಕರೂ ದಾಟಬಲ್ಲ ರಸ್ತೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರೂ ಒಂದು ಮಾತು ಕೇಳಬೇಕು. ನಮಗೆ ಟ್ರಾಮ್ ಬೇಡ. ಹಳ್ಳಿಯ ಬಸ್ಸಿನ ಮೊದಲ ಮೆಟ್ಟಿಲು ಸ್ವಲ್ಪ ತಗ್ಗಿದರೆ, ಹಿಡಿದುಕೊಳ್ಳಲು ಗಟ್ಟಿ ಕಂಬಿ ಇದ್ದರೆ ಸಾಕು.

ಅಲ್ಲಿಯವರೆಗೆ ಪ್ರಯಾಣ ಮಾಡುವವರಿಗೆ ಕೆಲವು ಸಲಹೆಗಳು. ಮೆಟ್ಟಿಲು ಹತ್ತುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಉಪವಾಸ ಹೊರಡಬೇಡಿ. ಬುತ್ತಿಯ ಜೊತೆಗೆ ಬೆಲ್ಲವೋ ಸಕ್ಕರೆಯೋ ಚೀಲದಲ್ಲಿರಲಿ. ಹೆಣ್ಣುಮಕ್ಕಳು ಶೌಚಾಲಯದ ಭಯಕ್ಕೆ ನೀರು ಕುಡಿಯುವುದನ್ನು ಬಿಡಬೇಡಿ, ಉರಿಮೂತ್ರಕ್ಕೆ ಅದೂ ಒಂದು ಕಾರಣ. ಹಳೆಯ ಚೀಟಿ, ಎಕ್ಸ್‌ರೇಗಳನ್ನು ಒಂದೇ ಚೀಲದಲ್ಲಿಡಿ.

ಮನೆಯ ಹಿರಿಯರು “ಈ ಸಲ ದವಾಖಾನೆಗೆ ಹೋಗೋದು ಬ್ಯಾಡ, ಆರಾಮ ಅದೀನಿ” ಎಂದರೆ ಕೂಡಲೇ ನಂಬಬೇಡಿ. ಅವರು ಹೆದರಿರುವುದು ಸೂಜಿಗಲ್ಲ, ಬಸ್ಸಿನ ಮೆಟ್ಟಿಲಿಗೆ ಇರಬಹುದು. ಒಂದು ಮಾತು ಕೇಳಿ ನೋಡಿ. ಜೊತೆಗೆ ಹೋಗಿ ಕೈಹಿಡಿದು ಹತ್ತಿಸಿ.