ಮೇಲಿನಿಂದ ಬರಲಿ ಎಂಬ ಜಾಡ್ಯ

ಕಾರ್ಗಿಲ್ ವಿಜಯ ದಿವಸ ಬಂದಾಗಲೆಲ್ಲ ಹುತಾತ್ಮರ ಚಿತ್ರಕ್ಕೆ ಹಾರ ಹಾಕುತ್ತೇವೆ, ಭಾಷಣ ಕೇಳುತ್ತೇವೆ, ಮನೆಗೆ ಹೋಗುತ್ತೇವೆ. ಶತ್ರು ಮೊದಲೇ ಬಂದು ಕೂತಿದ್ದ ಶಿಖರಗಳನ್ನು ನಮ್ಮ ಹುಡುಗರು ಗುಂಡಿಗೆ ಎದೆಯೊಡ್ಡಿ ಹತ್ತಬೇಕಾಗಿ ಬಂದದ್ದೇಕೆ, 527 ಯೋಧರು ಸಾಯಬೇಕಾಗಿ ಬಂದದ್ದೇಕೆ ಎಂದು ಕೇಳುವುದಿಲ್ಲ. ಕೇಳದಿರುವುದು ದೇಶಭಕ್ತಿಯಲ್ಲ, ಸೋಮಾರಿತನ.

ಉತ್ತರದ ಒಂದು ತುಣುಕು ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯಲ್ಲಿಯೇ ಇದೆ. ಯುದ್ಧಕ್ಕೆ ಸುಮಾರು ಹನ್ನೊಂದು ತಿಂಗಳು ಮೊದಲು, 1998ರ ಜೂನ್ 2ರಂದು, ಗುಪ್ತಚರ ದಳದ ನಿರ್ದೇಶಕರು ಗಡಿಯಾಚೆಯ ಚಟುವಟಿಕೆಗಳ ಬಗ್ಗೆ ತಾವೇ ಸಹಿ ಹಾಕಿದ ಮಾಹಿತಿಯನ್ನು ಮೇಲಿನವರಿಗೆ ಕಳಿಸಿದ್ದರು. ಅದು ತಲುಪಲೇಬೇಕಿದ್ದ ಮೂವರೆಂದರೆ ‘ರಾ’ ಮುಖ್ಯಸ್ಥರು, ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರು, ಸೇನಾ ಗುಪ್ತಚರ ಮಹಾನಿರ್ದೇಶಕರು. ಮೂವರಿಗೂ ಅದನ್ನು ನೇರವಾಗಿ ಬರೆದಿರಲಿಲ್ಲ. ಅಧಿಕಾರದ ಮೆಟ್ಟಿಲಿಳಿದು ತಾನಾಗಿ ಅವರಿಗೆ ಮುಟ್ಟೀತು ಎಂಬ ನಿರೀಕ್ಷೆ ನಿರ್ದೇಶಕರದು. ‘ರಾ’ ಮುಖ್ಯಸ್ಥರಿಗೆ ಮುಟ್ಟಲಿಲ್ಲ. ಜಂಟಿ ಸಮಿತಿಯ ಹೆಚ್ಚುವರಿ ಹೊಣೆಯೂ ಆಗ ಅವರ ಮೇಲೆಯೇ ಇತ್ತು. ಒಂದು ಪ್ರತಿ ತಪ್ಪಿ ಎರಡು ಕಚೇರಿಗಳು ಕುರುಡಾದವು. ಆ ಒಂದು ಕಾಗದ ಯುದ್ಧವನ್ನು ತಡೆಯುತ್ತಿತ್ತು ಎನ್ನಲಾರೆ. ಆದರೆ ‘ತಾನಾಗಿ ಮುಟ್ಟೀತು’ ಎಂದು ಕೈತೊಳೆದುಕೊಳ್ಳುವ ಚಾಳಿಯನ್ನು ಕ್ಷಮಿಸಲೂ ಆರೆ.

ಈ ಚಾಳಿ ಹೊಸದಲ್ಲ. 1962ರ ಚೀನಾ ಯುದ್ಧದಲ್ಲಿ ನಮ್ಕಾ ಚು ಹೊಳೆಯ ದಂಡೆಯಲ್ಲಿ ಇದರ ಅವಳಿ ರೋಗ, ಎಲ್ಲದಕ್ಕೂ ಮೇಲಿನ ಅಪ್ಪಣೆಗೆ ಕಾಯುವುದು, ಒಂದು ಬ್ರಿಗೇಡನ್ನೇ ನುಂಗಿತು. ಎತ್ತರದ ಥಾಗ್ಲಾ ಏಣಿನ ಮೇಲೆ ಚೀನೀಯರು, ಕೆಳಗೆ ಹೊಳೆಯ ಪಕ್ಕದಲ್ಲಿ ಬ್ರಿಗೇಡಿಯರ್ ಜಾನ್ ದಳವಿಯವರ 7ನೇ ಬ್ರಿಗೇಡ್. ಆ ಜಾಗದಲ್ಲಿ ನಿಂತು ಕಾದಲಾಗದು ಎಂಬುದು ಅಲ್ಲಿದ್ದವರಿಗೆ ಗೊತ್ತಿತ್ತು. ಹಿಂದೆ ಸರಿಯಲು ಮಾತ್ರ ದೆಹಲಿಯ ಅಪ್ಪಣೆ ಬೇಕಿತ್ತು. ಕೋರ್ ಕಮಾಂಡರ್ ಉಮ್ರಾವ್ ಸಿಂಗ್ ಆಕ್ಷೇಪಿಸಿದರು. ಅವರ ಮಾತು ಕೇಳುವ ಬದಲು ಆ ವಲಯವನ್ನೇ ಅವರಿಂದ ಕಿತ್ತು, ಹೊಸದಾಗಿ 4ನೇ ಕೋರ್ ಕಟ್ಟಿ ಬಿ.ಎಂ. ಕೌಲ್ ಅವರಿಗೆ ಒಪ್ಪಿಸಲಾಯಿತು. ಕಾಯಿಲೆ ಬಿದ್ದು ದೆಹಲಿಗೆ ಮರಳಿದ ಮೇಲೂ ಕೌಲ್ ಹಾಸಿಗೆಯಿಂದಲೇ ಆದೇಶ ಕೊಟ್ಟರು. ಅಕ್ಟೋಬರ್ 20ರ ಬೆಳಗ್ಗೆ ಚೀನೀಯರು ಮೇಲೆರಗಿದಾಗ ಟೆಲಿಫೋನ್ ತಂತಿಗಳು ಕಡಿದುಹೋದವು. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಛಿದ್ರವಾಯಿತು. ಎರಡು ದಿನಗಳಲ್ಲಿ ದಳವಿ ಸೆರೆಯಾದರು.

ನಮ್ಮ ಸೇನೆಗೆ ಬೇರೆ ದಾರಿ ತಿಳಿಯದೆ? ಚೆನ್ನಾಗಿ ತಿಳಿದಿದೆ. 1971ರ ಡಿಸೆಂಬರ್‌ನ ಬಾಂಗ್ಲಾ ಯುದ್ಧದಲ್ಲಿ ಅದೇ 4ನೇ ಕೋರ್ ಸಗತ್ ಸಿಂಗ್ ಕೈಯಲ್ಲಿತ್ತು. ಆಶುಗಂಜ್ ಸೇತುವೆಯನ್ನು ಪಾಕಿಸ್ತಾನಿಗಳು ಉಡಾಯಿಸಿದಾಗ ಅವರು ಅಪ್ಪಣೆಗೆ ಕಾಯಲಿಲ್ಲ. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಅವರ ಎಂಐ-4 ಹೆಲಿಕಾಪ್ಟರ್‌ಗಳಲ್ಲಿ ಪಡೆಯನ್ನು ಮೇಘನಾ ನದಿಯಾಚೆ ಇಳಿಸಿದರು. ಮೂಲ ಯೋಜನೆಯಲ್ಲಿ ಸಗತ್ ಸಿಂಗ್ ಪಡೆ ನದಿ ದಾಟಬೇಕೆಂದೇ ಇರಲಿಲ್ಲ. ಭೂಸೇನೆಯವನಿಗೆ ಕಂಡದ್ದು ವಾಯುಪಡೆಯವನಿಗೂ ಕಂಡಿತ್ತು, ಇಬ್ಬರೂ ಅಲ್ಲೇ ತೀರ್ಮಾನಿಸಿದರು. ಢಾಕಾದ ದಾರಿ ತೆರೆಯಿತು.

ಅಂಥ ಅಧಿಕಾರಿಗಳನ್ನು ಹೊಗಳುತ್ತ, ಅವರಂತೆ ನಡೆದುಕೊಳ್ಳುವ ಕಿರಿಯನನ್ನು ಶಿಸ್ತಿನ ಹೆಸರಿನಲ್ಲಿ ಗದರುವುದು ನಿಲ್ಲಬೇಕು. ಮಾಹಿತಿಯನ್ನು ಆಸ್ತಿಯಂತೆ ಬೀಗ ಹಾಕಿಟ್ಟುಕೊಳ್ಳುವವನು ರಹಸ್ಯ ಕಾಯುತ್ತಿಲ್ಲ, ತನ್ನ ಕುರ್ಚಿ ಕಾಯುತ್ತಿದ್ದಾನೆ. ಮೂರೂ ಪಡೆಗಳ ನಡುವೆ ಹೊಂದಾಣಿಕೆ ತರಲೆಂದು 2001ರಲ್ಲಿ ಸಚಿವರ ತಂಡ ಶಿಫಾರಸು ಮಾಡಿದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಗೆ ಮೊದಲ ಅಧಿಕಾರಿ ಬಂದದ್ದು 2020ರ ಜನವರಿಯಲ್ಲಿ. ಇಷ್ಟು ವರ್ಷಗಳ ವಿಳಂಬಕ್ಕೆ ಶತ್ರು ಕಾರಣನಲ್ಲ. ಈಗ ಹೊಸ ಪರದೆಗಳು, ಜಾಲಗಳು ಬಂದಿವೆ. ಅವುಗಳ ಮುಂದೆ ಕೂತು ದೂರದ ತುಕಡಿಯೊಂದನ್ನು ತಾನೇ ನಡೆಸಹೊರಟ ಜನರಲ್, 1962ರ ತಪ್ಪನ್ನು ಇನ್ನಷ್ಟು ವೇಗವಾಗಿ ಮಾಡುತ್ತಾನೆ. ಆ ಜಾಲ ಕಡಿದುಬಿದ್ದ ದಿನ ಕೆಳಗಿನವನು ಏನು ಮಾಡಬೇಕೆಂಬ ತಾಲೀಮು ಪ್ರತಿ ಸಮರಾಭ್ಯಾಸದಲ್ಲೂ ನಡೆಯಬೇಕು.

1962ರ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಪ್ರೇಮ್ ಭಗತ್ 1963ರಲ್ಲಿ ಸಲ್ಲಿಸಿದ ವರದಿಯನ್ನು ಸರ್ಕಾರಗಳು ದಶಕಗಟ್ಟಲೆ ರಹಸ್ಯವಾಗಿಯೇ ಇಟ್ಟುಕೊಂಡು ಬಂದಿವೆ. ಅದರ ಒಂದು ಭಾಗವನ್ನು ವಿದೇಶಿ ಪತ್ರಕರ್ತನೊಬ್ಬ 2014ರಲ್ಲಿ ಬಹಿರಂಗಪಡಿಸಿದ. ಪೂರ್ತಿ ವರದಿಯನ್ನು ನಮ್ಮ ಯುವ ಅಧಿಕಾರಿಗಳ ಕೈಗೆ ಕೊಡಿ.