ಸುತ್ತಿಗೆಯಿಂದ ಬಿಗಿ ಮಾಡೋ ಹ್ಯಾಂಡಲ್

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಸಿಟ್ಟಿನಲ್ಲೇ ಬರೆದದ್ದು.

ಹೋದ ತಿಂಗಳು ರಜಾ ಹಾಕಿ ಊರಿಗೆ, ಹುಮನಾಬಾದಿಗೆ ಹೋಗಿದ್ದೆ. ನೋಡಿದರೆ ಅಪ್ಪನ ಮೊಣಕೈಗೆ ಪಟ್ಟಿ! "ಏನಿಲ್ಲೋ, ಸೈಕಲ್ ಮ್ಯಾಲಿಂದ ಬಿದ್ದೆ" ಅಂದ್ರು. ನನಗಿಂತ ವಯಸ್ಸಾದ ಸೈಕಲ್ ಅದು. ಹ್ಯಾಂಡಲ್ ಅಳ್ಳಾಡ್ತಿತ್ತಂತೆ. ಅಂಗಡಿಯವನು ಮೇಲಿನ ನಟ್ಟಿಗೆ ಉಳಿ ಇಟ್ಟು, ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿ, "ಟೈಟ್ ಆತು ನೋಡ್ರಿ ಕಾಕಾ" ಅಂತ ಕಳಿಸಿದ್ದಾನೆ. ಟೈಟ್ ಆಗಿದ್ದು ನಿಜ. ಎಷ್ಟು ಟೈಟ್ ಅಂದರೆ ಹ್ಯಾಂಡಲ್ ತಿರುಗೋದೇ ಕಷ್ಟ. ಮರುದಿನವೇ ಅಪ್ಪ ಬಿದ್ದರು.

ಮನೆಯವರೆಲ್ಲರ ತೀರ್ಪು ಒಂದೇ: ಗುಜರಿಗೆ ಹಾಕ್ರಿ. ನಾನೂ ಹೂಂ ಅಂದು ಮೊಬೈಲಿನಲ್ಲಿ ಹೊಸ ಸೈಕಲ್ ನೋಡ್ತಾ ಕೂತೆ. ಅಪ್ಪ ಮಾತ್ರ, "ಇಂಜಿನಿಯರ್ ಆಗಿಯಲ್ಲೋ, ನೀನರೇ ನೋಡು" ಅಂದ್ರು.

ನಾಚಿಕೆಯಾಯ್ತು ಸ್ವಾಮೀ. ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ಬಾಲ್ ಬೇರಿಂಗಿನ ಆಯಸ್ಸು ಲೆಕ್ಕ ಹಾಕಿ ಮಾರ್ಕ್ಸ್ ತಗೊಂಡವನು. ಆದರೆ ಹೆಡ್‌ಸೆಟ್ ಅಂದರೆ ನನಗೆ ಗೊತ್ತಿದ್ದದ್ದು ಆಫೀಸಿನಲ್ಲಿ ಕಿವಿಗೆ ಹಾಕ್ಕೊಳ್ಳೋದು ಒಂದೇ!

ಅಪ್ಪ ಹೇಳಿದ ಹಳೇ ಮಿಸ್ತ್ರಿಯನ್ನು ಹುಡುಕ್ಕೊಂಡು, ಸೈಕಲ್ಲನ್ನು ಟಂಟಂನಲ್ಲಿ ಹಾಕಿಕೊಂಡು ಬಸವಕಲ್ಯಾಣಕ್ಕೆ ಹೋದೆ. ಚಾಚಾ ಉಳಿ ಮುಟ್ಟಲೇ ಇಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲುಗಿಸಿದರು, ಹ್ಯಾಂಡಲ್ ಕೆಳಗಿನ ಕಪ್ ಮೇಲೆ ನನ್ನ ಬೆರಳು ಇಡಿಸಿ. ಆಟ ಇದ್ದರೆ ಅಲ್ಲಿ ಟಕ್ ಅಂತ ಗೊತ್ತಾಗುತ್ತೆ. ನಮ್ಮದರಲ್ಲಿ ಆಟ ಇರಲಿಲ್ಲ. ಆಮೇಲೆ ಮುಂದಿನ ಗಾಲಿ ಎತ್ತಿದರು. ಸರಿ ಇರೋ ಹ್ಯಾಂಡಲ್ ತಾನಾಗಿ ಒಂದು ಕಡೆ ವಾಲಬೇಕು. ನಮ್ಮದು ನೆಟ್ಟಗೆ ನಿಂತೇಬಿಡ್ತು.

"ಬೇಟಾ, ಇದು ಬಿಗಿ ಮಾಡೋ ಜಾಗ ಅಲ್ಲ, ಕೂಡ್ಸೋ ಜಾಗ ಅದ" ಅಂದ್ರು ಚಾಚಾ.

ನನ್ನ ನಾಲ್ಕು ವರ್ಷದ ಡಿಗ್ರಿ ಆ ಒಂದು ಮಾತಿನಲ್ಲಿತ್ತು. ಮೇಲೆ ಕಾಣೋದು ಒಂದು ನಟ್ ಅಲ್ಲ, ಎರಡು. ಕೆಳಗಿನದು ಬಾಲ್ಸ್ ಮೇಲೆ ಕೂರೋ ಕಪ್. ಮೇಲಿನದು ಅದನ್ನು ಕದಲದ ಹಾಗೆ ಹಿಡಿಯೋ ಲಾಕ್ ನಟ್. ನಡುವೆ ಒಂದು ವಾಷರ್. ಕಪ್ಪನ್ನು ಕೈಯಿಂದ ತಿರುಗಿಸಿ ಆಟ ಹೋಗೋವರೆಗೆ ಇಳಿಸಬೇಕು. ಒಂದು ಪಾನಾದಿಂದ ಅದನ್ನು ಹಿಡಿದು, ಇನ್ನೊಂದು ಪಾನಾದಿಂದ ಲಾಕ್ ನಟ್ ಬಿಗಿ ಮಾಡಬೇಕು. ಲಾಕ್ ಮಾಡುವಾಗ ಕಪ್ ಒಂಚೂರು ಕದಲುತ್ತೆ, ಅದಕ್ಕೇ ಮತ್ತೆ ನೋಡಬೇಕು. ಎರಡು ಮೂರು ಸಲ ಮಾಡಿದರೆ ಸರಿ ಹೋಗುತ್ತೆ. ಇಷ್ಟೇ! ಉಳಿ ಇಟ್ಟು ಹೊಡೆದರೆ ಎರಡೂ ಒಟ್ಟಿಗೆ ತಿರುಗಿ, ಬಾಲ್ಸ್ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತವೆ.

ಲೂಸ್ ಬಿಟ್ಟರೂ ಕಷ್ಟವೇ. ಒಂದೊಂದು ಗುಂಡಿಗೂ ಬಾಲ್ಸ್ ಬಟ್ಟಲಿಗೆ ಗುದ್ದುತ್ತವೆ. ಬಿಚ್ಚಿದಾಗ ಕೆಳಗಿನ ಬಟ್ಟಲಿನಲ್ಲಿ ಸಾಲಾಗಿ ತಗ್ಗು ಬಿದ್ದಿತ್ತು, ರೊಟ್ಟಿ ಮೇಲಿನ ಬೆರಳಿನ ಗುರುತಿನ ಹಾಗೆ. ಆದರೆ ಅತಿಯಾಗಿ ಬಿಗಿ ಮಾಡೋದು ಇನ್ನೂ ಅಪಾಯ. ನಾವು ಸೈಕಲ್ ಮೇಲೆ ಬೀಳದೆ ಇರೋದೇ ಹ್ಯಾಂಡಲ್ಲನ್ನು ಗೊತ್ತಿಲ್ಲದ ಹಾಗೆ ಆಚೀಚೆ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಇರೋದರಿಂದ. ಅದು ಹಿಡಿದುಕೊಂಡರೆ ಅಪ್ಪನಂಥ ಹಳೇ ಸವಾರನೂ ಬೀಳ್ತಾನೆ.

ಹೊಸ ಬಟ್ಟಲು, ಬಾಲ್ಸ್, ಗ್ರೀಸ್, ಕೂಲಿ ಎಲ್ಲಾ ಸೇರಿ ಬೆಂಗಳೂರಿನ ಒಂದು ಪಿಜ್ಜಾದಷ್ಟೂ ಆಗಲಿಲ್ಲ.

ಹಾಗಾದರೆ ತಪ್ಪು ಉಳಿ ಹಿಡಿದವನದಾ? ನನ್ನ ಪ್ರಕಾರ ಅರ್ಧ ಮಾತ್ರ. "ಐದು ನಿಮಿಷದಾಗ ಮಾಡಿ ಕೊಡು, ಹತ್ತು ರೂಪಾಯಿ ತಗೋ" ಅಂತ ನಿಂತುಕೊಂಡೇ ಅವಸರ ಮಾಡೋರು ನಾವು. ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಕೂಡಿಸೋಕೆ ಹೊತ್ತು ಬೇಕು. ಆ ಹೊತ್ತಿಗೆ ನಾವು ದುಡ್ಡು ಕೊಡಲ್ಲ. ಹಾಗಾಗಿ ಐದು ನಿಮಿಷದ ಸುತ್ತಿಗೆಯವನು ಉಳೀತಾನೆ, ಚಾಚಾನಂಥವರು ಅಂಗಡಿ ಮುಚ್ತಾರೆ.

"ಈ ಕಾಲದಲ್ಲಿ ಸೈಕಲ್ ಯಾರಿಗೆ ಬೇಕು?" ಅಂತೀರಾ? 2006-07ರಲ್ಲಿ ಶುರುವಾದ ಸರ್ಕಾರದ ಶಾಲಾ ಸೈಕಲ್ ಯೋಜನೆ, ಕೋವಿಡ್ ಬಂದ 2020ರಲ್ಲಿ ನಿಂತಿತು. ಅಕ್ಕನಿಗೆ ಸಿಕ್ಕ ಸೈಕಲ್ಲನ್ನೇ ತಮ್ಮ ತುಳಿಯಬೇಕಾದ ಮನೆಗಳಿವೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದೂ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ! ಹೊಸದು ಬರಲಿ ಬಿಡಲಿ, ಇರೋದನ್ನು ಸರಿ ಇಟ್ಟುಕೊಳ್ಳೋದು ಗೊತ್ತಿರಬೇಡವಾ?

ಕಲ್ಯಾಣ ಅಂದರೆ ಕಾಯಕದ ಊರು. 108 ಅಡಿ ಎತ್ತರದ ಬಸವಣ್ಣನ ಮೂರ್ತಿ ನಿಲ್ಲಿಸಿದ್ದೀವಿ, ಮುಂದೆ ನಿಂತು ಸೆಲ್ಫಿ ತಗೋತೀವಿ. ಅದೇ ಊರಿನಲ್ಲಿ ಕೈಗೆ ಗ್ರೀಸ್ ಹತ್ತಿಸಿಕೊಂಡು ಕೂತ ಮುದುಕನ ಹತ್ತಿರ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಇದ್ಯಾವ ಕಾಯಕ ಸ್ವಾಮೀ?

ಬರುವಾಗ ಚಾಚಾ ಹೇಳಿದ ಅಳತೆಯ ಎರಡು ಪಾನಾ ಕೊಂಡು ಮನೆಯಲ್ಲಿ ಇಟ್ಟು ಬಂದಿದ್ದೀನಿ. ಅಪ್ಪ ಮತ್ತೆ ಸೈಕಲ್ ತುಳೀತಿದ್ದಾರೆ. ನಿಮ್ಮ ಮನೆ ಸೈಕಲ್ಲಿನ ಮುಂದಿನ ಬ್ರೇಕ್ ಹಿಡಿದು ಒಮ್ಮೆ ಅಲುಗಿಸಿ ನೋಡಿ. ಟಕ್ ಅಂದರೆ ಪಾನಾ ಹುಡುಕಿ, ಸುತ್ತಿಗೆ ಬೇಡ.

ಏನಂತೀರಿ?