ಭೂಕಂಪದ ಪಾಠಕ್ಕೆ ರಿಕ್ಟರ್ ಚಾರ್ಟು ಸಾಲದು

ಅಭ್ಯಾಸ ಬೋಧನೆಯಲ್ಲಿ ಭೂಕಂಪದ ಪಾಠ ಬಂತೆಂದರೆ ಕಪ್ಪುಹಲಗೆಯ ಪಕ್ಕ ರಿಕ್ಟರ್ ಮಾಪಕದ ಚಾರ್ಟು ಏರುತ್ತದೆ. ಅಂಕಿ ಹೆಚ್ಚಾದಷ್ಟೂ ಹಾನಿ ಹೆಚ್ಚು ಎಂದು ಮಕ್ಕಳು ಒಟ್ಟಾಗಿ ಹೇಳುತ್ತಾರೆ, ಪಾಠ ಮುಗಿಯುತ್ತದೆ. ಇದು ಅರ್ಧ ತಿಳಿವಳಿಕೆ. ಸುರಕ್ಷತೆಯ ವಿಷಯದಲ್ಲಿ ಅರ್ಧ ತಿಳಿವಳಿಕೆ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಪರಿಮಾಣ ಎಂದರೆ ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯ ಅಳತೆ. ಅದು ಒಂದು ಭೂಕಂಪಕ್ಕೆ ಒಂದೇ. ನಾವು ನಿಂತ ಕಡೆ ನೆಲ ಎಷ್ಟು ಅಲುಗಿತು ಎಂಬುದು ತೀವ್ರತೆ. ಅದು ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಬೀದರಿಗೆ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪದ ಪರಿಮಾಣ ಸುಮಾರು 6.2. ಕೇಂದ್ರ ಹತ್ತಿರವಿತ್ತು, ಹೆಚ್ಚು ಆಳದಲ್ಲಿರಲಿಲ್ಲ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಭಾರದ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. 1985ರ ಮೆಕ್ಸಿಕೊದಲ್ಲಿ ಕಥೆಯೇ ಬೇರೆ. ಪರಿಮಾಣ 8.0, ಆದರೆ ಕೇಂದ್ರ ರಾಜಧಾನಿಯಿಂದ 350 ಕಿ.ಮೀ.ಗೂ ದೂರದ ಕರಾವಳಿಯಲ್ಲಿ. ನಗರದ ಒಂದು ಭಾಗ ಹಳೆಯ ಸರೋವರದ ಮೆತ್ತನೆಯ ಜೇಡಿಮಣ್ಣಿನ ಮೇಲಿದೆ. ಆ ನೆಲ ಸುಮಾರು 2 ಸೆಕೆಂಡಿಗೊಮ್ಮೆ ಹೊಯ್ದಾಡಿತು. ಆ ಲಯಕ್ಕೆ ಹೊಂದಿದ 6ರಿಂದ 15 ಅಂತಸ್ತಿನ ಕಟ್ಟಡಗಳಿಗೇ ಹೆಚ್ಚು ಪೆಟ್ಟು. ಹಳೆಯ ತಗ್ಗು ಮನೆಗಳು ಬಹುಪಾಲು ನಿಂತವು.

ಇದನ್ನು ತೋರಿಸಲು ಖರ್ಚಿಲ್ಲ. ಒಂದು ಹಲಗೆಯ ಮೇಲೆ ಉದ್ದ, ಮಧ್ಯಮ, ಗಿಡ್ಡ ಮೂರು ರಟ್ಟಿನ ಪಟ್ಟಿ ನಿಲ್ಲಿಸಿ, ತುದಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ. ನಿಧಾನವಾಗಿ ಅಲ್ಲಾಡಿಸಿದರೆ ಉದ್ದದ್ದು ತೂಗಾಡುತ್ತದೆ, ಬೇಗ ಬೇಗ ಅಲ್ಲಾಡಿಸಿದರೆ ಗಿಡ್ಡದ್ದು. ಒಬ್ಬ ಪ್ರಶಿಕ್ಷಣಾರ್ಥಿ ಹೀಗೆ ತೋರಿಸಿದಾಗ ಏಳನೆಯ ತರಗತಿಯ ಹುಡುಗಿ ಕೇಳಿದಳು: “ಹಂಗಾದ್ರೆ ನಮ್ಮ ಶಾಲೆ ಯಾವ ಪಟ್ಟಿ, ಮಿಸ್?” ಯಾವ ಚಾರ್ಟೂ ಈ ಪ್ರಶ್ನೆ ಹುಟ್ಟಿಸಿದ್ದನ್ನು ನಾನು ಕಂಡಿಲ್ಲ.

ದೂರದ ಭೂಕಂಪ ಮೇಲಂತಸ್ತಿನಲ್ಲಿ ತಲೆ ಸುತ್ತಿದಂತೆ ಅನಿಸಬಹುದು, ಫ್ಯಾನು ತೂಗಬಹುದು. ಹತ್ತಿರದ್ದಾದರೆ ಧಡ್ ಎಂದು ಕುಲುಕಿ, ಮರುಕ್ಷಣವೇ ಅಡ್ಡಡ್ಡ ಎಳೆದಾಡುತ್ತದೆ. ಮೊದಲ ಅಲೆಗೂ ಬಲವಾದ ಎರಡನೆಯ ಅಲೆಗೂ ನಡುವೆ 80 ಕಿ.ಮೀ. ದೂರದಲ್ಲಿ ಸುಮಾರು 10 ಸೆಕೆಂಡು ಸಿಗುತ್ತದೆ. ಕೇಂದ್ರದ ಬಳಿ ಅದೂ ಇಲ್ಲ. ಆದ್ದರಿಂದ ಸಣ್ಣದೋ ದೊಡ್ಡದೋ ಎಂದು ಅಳೆಯುತ್ತ ಕೂರದೆ, ಮೊದಲ ಕುಲುಕಿಗೇ ಬೆಂಚಿನ ಕೆಳಗೆ ಸೇರಿ ಅದರ ಕಾಲು ಹಿಡಿದುಕೊಳ್ಳುವುದನ್ನು ಕಲಿಸಬೇಕು. ಭಾರದ ಮಾಳಿಗೆಯ ಮಣ್ಣುಗೋಡೆಯ ಮನೆ, ಬಾಗಿಲು ಪಕ್ಕದಲ್ಲೇ, ಹೊರಗೆ ಬಯಲು ಎಂದಾದರೆ ಮಾತ್ರ ತಕ್ಷಣ ಹೊರಗೆ. “ಕಳೆದ ಸಲ ನಮ್ಮ ಕಟ್ಟಡಕ್ಕೆ ಏನೂ ಆಗಲಿಲ್ಲ” ಎಂಬುದು ಗಟ್ಟಿತನದ ಪುರಾವೆಯಲ್ಲ. ಆ ಸಲದ ಅಲುಗಾಟದ ಲಯ ಬೇರೆಯಿದ್ದಿರಬಹುದು.

ಪಾಠಯೋಜನೆ ಬರೆಯುವ ಮೊದಲು ಪ್ರಶಿಕ್ಷಣಾರ್ಥಿಗಳು ಆ ಶಾಲೆಯನ್ನು ಒಂದು ಸುತ್ತು ಹಾಕಿ ಬರಲಿ. ಕೆಳಗೆ ಬಂಡೆಯೋ, ಮುಚ್ಚಿದ ಕೆರೆಯೋ. ಗೋಡೆಗೆ ಸಿಮೆಂಟೋ, ಮಣ್ಣೋ. ಪುಸ್ತಕದ ಬೀರು ಗೋಡೆಗೆ ಬಿಗಿದಿದೆಯೋ, ಬಾಗಿಲ ಪಕ್ಕ ಸುಮ್ಮನೆ ನಿಂತಿದೆಯೋ. ಚಾರ್ಟು ಆಮೇಲೆ ಬರೆಯಬಹುದು.